ಕನಕಾಂಬರದ ಕಾಯಿ ಸಿಡಿಯುವುದೇಕೆ?

ಹೆಬ್ಬಾಳದ ಬಳಿಯ ಕೆಂಪಾಪುರದಂತಹ ಬಡಾವಣೆಯ ಕಿರಿದಾದ ಅಂಗಳದಲ್ಲಿಯೂ ಕನಕಾಂಬರವು ವರ್ಷಗಟ್ಟಲೆ ಹೂ ಬಿಡಬಲ್ಲುದು. ನೀರು ನಿಲ್ಲದ ಮಣ್ಣಿದ್ದರೆ ಸಾಕು. ಆದರೆ ಬೀಜ ಕೂಡಿಡುವುದು ಸುಲಭವಲ್ಲ. ಒಣಗಿದ ತೆನೆಗೆ ಮಳೆಹನಿ ತಗಲಿತೆಂದರೆ ಕಾಯಿಗಳು ಚಟಚಟನೆ ಸಿಡಿದು ಬೀಜಗಳು ದೂರ ಚಿಮ್ಮುವುವು. ಮುಂದಿನ ಸಸಿಗಳ ಆಸೆ ಮಣ್ಣುಪಾಲಾಗುವುದು.

ಇದಕ್ಕೆ ಕಾರಣವೇನು? ಒಣಗುವಾಗ ಕಾಯಿಯ ಗೋಡೆಯ ಪದರಗಳು ಸಮನಾಗಿ ಕುಗ್ಗದೆ, ಬಗ್ಗಿಸಿದ ಬಿಲ್ಲಿನಂತೆ ಬಿಗಿದು ನಿಲ್ಲುವುವು. ನೀರಿನಿಂದ ಹೊಲಿಗೆ ಸಡಿಲವಾದೊಡನೆ ಪ್ರಚ್ಛನ್ನ ಶಕ್ತಿಯು ಚಲನ ಶಕ್ತಿಯಾಗಿ ಮಾರ್ಪಡುವುದು.

ಆದುದರಿಂದ ಮಳೆಗೆ ಮೊದಲೇ ಒಣತೆನೆಗಳನ್ನು ಕೊಯ್ದು ಪಾತ್ರೆಯಲ್ಲಿಡಿರಿ. ನೀರು ಚಿಮುಕಿಸಿ ಬಟ್ಟೆ ಮುಚ್ಚಿರಿ. ಬೀಜಗಳೆಲ್ಲ ಪಾತ್ರೆಯಲ್ಲಿಯೇ ಉಳಿಯುವುವು. ‘ಡೆಲ್ಲಿ’ ಕನಕಾಂಬರಕ್ಕೆ ಮಾತ್ರ ಈ ಉಪಾಯ ಸಲ್ಲದು. ಅದರ ಜೀವಕೋಶಗಳಲ್ಲಿ ವರ್ಣತಂತುಗಳ 2 ಗಣಗಳ ಬದಲು 3 ಗಣಗಳಿರುವುದರಿಂದ ಅದು ಬೀಜ ಕಟ್ಟದು. ಕಡ್ಡಿ ನೆಟ್ಟೇ ಬೆಳೆಸಬೇಕು.