ಸಂದೇಶ ಸಾಕು, ಮಾತು ಬೇಕು

ಬೆಳಿಗ್ಗೆ ಎದ್ದ ಕೂಡಲೇ ನೀವು ಮಾಡುವ ಮೊದಲ ಕೆಲಸ ಯಾವುದು? ವಾಟ್ಸ್‌ಆ್ಯಪ್ ನೋಡುವುದೇ? ಅಣ್ಣನಿಂದ ಒಂದು ಹೂವಿನ ಚಿತ್ರ, ಗೆಳತಿಯಿಂದ ‘ಶುಭೋದಯ’, ಊರಿನಲ್ಲಿರುವ ಅಮ್ಮನಿಂದ ‘ಆರಾಮ’. ನೀವೂ ಒಂದೊಂದು ನಗುಮೊಗದ ಚಿತ್ರ ಕಳಿಸುತ್ತೀರಿ. ಎಲ್ಲರನ್ನೂ ವಿಚಾರಿಸಿಕೊಂಡ ಸಮಾಧಾನ ನಿಮಗೆ. ಆದರೆ ಅವರ ದನಿ ಕೇಳಿ ಎಷ್ಟು ದಿನಗಳಾದವು?

ಇದಕ್ಕೂ ಆರೋಗ್ಯಕ್ಕೂ ಏನು ಸಂಬಂಧ ಎನ್ನಬೇಡಿ. ಹತ್ತಿರದ ಸಂಬಂಧವೇ ಇದೆ.

ಒಂಟಿತನದ ಅಪಾಯ

ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬಕ್ಕೆ ಸೇರಿದ ಡಾ. ವಿವೇಕ್ ಮೂರ್ತಿ ಅವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ ಒಂಟಿತನದ ಬಗ್ಗೆ ಇಡೀ ದೇಶವನ್ನೇ ಎಚ್ಚರಿಸಿದರು. ಆತ್ಮೀಯರ ಒಡನಾಟವಿಲ್ಲದ ಬದುಕು ದಿನಕ್ಕೆ 15 ಸಿಗರೇಟು ಸೇದಿದಷ್ಟೇ ಆಯುಸ್ಸಿಗೆ ಕುತ್ತು ಎಂದಿತು ಅವರ ವರದಿ. ಇಂಥವರಿಗೆ ಹೃದ್ರೋಗದ ಸಾಧ್ಯತೆ ಶೇ 29ರಷ್ಟು, ಪಾರ್ಶ್ವವಾಯುವಿನ ಸಾಧ್ಯತೆ ಶೇ 32ರಷ್ಟು ಹೆಚ್ಚು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ತಿಳಿಸಿದೆ.

ದನಿಯ ಮದ್ದು

ದಿನವಿಡೀ ಸಂದೇಶಗಳು ಬರುತ್ತಿದ್ದರೂ ಒಂಟಿತನವೇಕೆ? ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಸುಳಿವು ಕೊಡುತ್ತದೆ. ಅಪರಿಚಿತರ ಎದುರು ಮಾತನಾಡಿ, ಲೆಕ್ಕ ಮಾಡಿ ಹೆದರಿದ್ದ ಹುಡುಗಿಯರಲ್ಲಿ ಕೆಲವರು ತಾಯಿಯನ್ನು ಕಂಡರು, ಕೆಲವರು ಫೋನಿನಲ್ಲಿ ಮಾತನಾಡಿದರು, ಇನ್ನು ಕೆಲವರು ಸಂದೇಶದ ಮೂಲಕ ಸಂಪರ್ಕಿಸಿದರು. ತಾಯಿಯ ದನಿ ಕೇಳಿದವರಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಇಳಿಯಿತು. ನೆಮ್ಮದಿ ತರುವ ಆಕ್ಸಿಟೋಸಿನ್ ಏರಿತು. ಸಂದೇಶ ಮಾತ್ರ ಓದಿದವರ ಸ್ಥಿತಿ ತಾಯಿಯ ಸಂಪರ್ಕವೇ ಇಲ್ಲದವರಂತೆಯೇ ಇತ್ತು!

ದನಿಯಿಂದ ಇನ್ನೊಂದು ಪ್ರಯೋಜನವೂ ಉಂಟು. ‘ಆರಾಮ’ ಎಂಬ ಅಕ್ಷರಗಳಲ್ಲಿ ಏದುಸಿರು ಕೇಳಿಸದು, ಮರೆವು ಕಾಣದು. ಮಾತಿನಲ್ಲಿ ಎರಡೂ ತಿಳಿಯುತ್ತವೆ. ಮಾತು ದಿಢೀರನೆ ತೊದಲತೊಡಗಿದರೆ ಅದು ಪಾರ್ಶ್ವವಾಯುವಿನ ಲಕ್ಷಣವಾಗಿರಬಹುದು. ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ನೀವೇನು ಮಾಡಬಹುದು?

ಮೊಬೈಲನ್ನು ಪೂರ್ತಿ ಬಿಡಬೇಕಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 143 ವಿದ್ಯಾರ್ಥಿಗಳ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ಗಳನ್ನು ಮೂರು ವಾರ ದಿನಕ್ಕೆ ತಲಾ 10 ನಿಮಿಷಕ್ಕೆ ಮಿತಿಗೊಳಿಸಿದವರಲ್ಲಿ ಒಂಟಿತನ, ಖಿನ್ನತೆ ಎರಡೂ ತಗ್ಗಿದವು.

* ‘ಶುಭೋದಯ’ ಕಳಿಸುವುದನ್ನು ನಿಲ್ಲಿಸಿ. ಆ ಹೊತ್ತಿನಲ್ಲಿ ದಿನಕ್ಕೊಬ್ಬರಿಗೆ ಫೋನ್ ಮಾಡಿ.

* ಕೆಲಸಕ್ಕೆ, ಮಕ್ಕಳ ಶಾಲೆಗೆ ಬೇಕಾದ ಗುಂಪುಗಳನ್ನು ಮಾತ್ರ ಉಳಿಸಿಕೊಳ್ಳಿ. ಬಿಡುವ ಮುನ್ನ ‘ಇನ್ನು ಫೋನ್ ಮಾಡುತ್ತೇನೆ’ ಎಂದು ತಿಳಿಸಿ. ಇಲ್ಲವಾದರೆ ಮುನಿಸು ಎಂದುಕೊಂಡಾರು.

* ಕಾಯಿಲೆ, ಸಾವು–ನೋವಿನ ಸುದ್ದಿ ಬಂದಾಗ ಕೈಮುಗಿದ ಚಿತ್ರ ಸಾಲದು. ಸಾಧ್ಯವಾದರೆ ಹೋಗಿ, ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು ಬನ್ನಿ.

* ಊಟದ ವೇಳೆ ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ.

ಮೊದಲ ಕೆಲವು ದಿನ ಕೈ ತಾನಾಗಿಯೇ ಮೊಬೈಲಿನತ್ತ ಹೋಗಬಹುದು, ಚಡಪಡಿಕೆಯೂ ಆಗಬಹುದು. ಗಾಬರಿ ಬೇಡ. ಆದರೆ ನಿದ್ದೆ, ಕೆಲಸ ಕೆಡುವಷ್ಟು ಅಂಟಿಕೊಂಡಿದ್ದರೆ ಸಂಕೋಚಪಡದೆ ತಜ್ಞರನ್ನು ಕಾಣಿ. ಇಂಥವರ ನೆರವಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಷಟ್’ ಕ್ಲಿನಿಕ್ ಆರಂಭಿಸಿತು.