ಒಪ್ಪಂದ ಓದಿ ಕೋಡ್ ಬರೆಯುವ ಕಮಾಂಡ್

ಒಂದು ಪ್ರೋಗ್ರಾಂ ಇಂಟರ್ನೆಟ್ ಮೂಲಕ ಇನ್ನೊಂದು ಪ್ರೋಗ್ರಾಂಗೆ ಪ್ರಶ್ನೆ ಕೇಳಿ ಉತ್ತರ ಪಡೆಯುವ ಏರ್ಪಾಡಿಗೆ ವೆಬ್ ಸೇವೆ ಎನ್ನುತ್ತಾರೆ. ಇಲ್ಲಿ ನೋಡಲು ಪುಟವಿಲ್ಲ, ಒತ್ತಲು ಬಟನ್ ಇಲ್ಲ. ಎರಡೂ ಕಡೆ ಯಂತ್ರಗಳೇ ಇರುವುದರಿಂದ ಪ್ರಶ್ನೆಯ ಆಕಾರ ಹೇಗಿರಬೇಕು, ಅದನ್ನು ಯಾವ ವಿಳಾಸಕ್ಕೆ ಕಳಿಸಬೇಕು, ಉತ್ತರದಲ್ಲಿ ಏನೇನು ಬರುತ್ತದೆ ಎಂಬುದೆಲ್ಲ ಮೊದಲೇ ಗೊತ್ತಾಗಿರಬೇಕು. ಈ ಒಪ್ಪಂದವನ್ನು ಬರೆದಿಡುವ ಫೈಲ್‌ಗೆ ಡಬ್ಲ್ಯುಎಸ್‌ಡಿಎಲ್ ಎಂಬ ಹೆಸರು. ಐಬಿಎಂ, ಮೈಕ್ರೋಸಾಫ್ಟ್ ಮತ್ತು ಅರಿಬಾ ಕಂಪನಿಗಳು ಸೇರಿ ರೂಪಿಸಿದ ಇದರ 1.1ನೇ ಆವೃತ್ತಿಯನ್ನು ವೆಬ್ ಮಾನದಂಡಗಳ ಸಂಸ್ಥೆಯಾದ ಡಬ್ಲ್ಯು3ಸಿ 2001ರ ಮಾರ್ಚ್‌ನಲ್ಲಿ ಪ್ರಕಟಿಸಿತು. 2.0ನೇ ಆವೃತ್ತಿ 2007ರಲ್ಲಿ ಅಧಿಕೃತ ಶಿಫಾರಸಾಗಿ ಬಂದರೂ ಬಳಕೆಯಲ್ಲಿ ಉಳಿದದ್ದು ಹಳೆಯದೇ.

ಡಬ್ಲ್ಯುಎಸ್‌ಡಿಎಲ್ ಫೈಲ್ ಎಕ್ಸ್‌ಎಂಎಲ್‌ನಲ್ಲಿರುತ್ತದೆ. ಯಾವ ಮಾಹಿತಿ ಅಕ್ಷರ, ಯಾವುದು ಸಂಖ್ಯೆ, ಯಾವುದು ದಿನಾಂಕ ಎಂಬ ವಿವರ ಮೊದಲು ಬರುತ್ತದೆ. ಆಮೇಲೆ ಸಂದೇಶಗಳು, ಆ ಸಂದೇಶಗಳಿಂದ ಆಗುವ ಕೆಲಸಗಳು, ಅವು ಜಾಲದಲ್ಲಿ ಸಾಗುವ ರೀತಿ, ಕೊನೆಗೆ ಸೇವೆಯ ವಿಳಾಸ. ಮನುಷ್ಯರು ಓದಬಹುದು ಎಂದು ಹೇಳುವುದುಂಟು. ಹತ್ತು ನಿಮಿಷ ಓದಿದವರು ಯಾರೂ ಆ ಮಾತನ್ನು ಪೂರ್ತಿ ಒಪ್ಪಲಾರರು. ಅದು ಯಂತ್ರ ಓದಲೆಂದೇ ಬರೆದದ್ದು, ಹಾಗೆ ಓದುವ ಯಂತ್ರವೇ ಸೇವೆಯನ್ನು ಕರೆಯುವ ಕೋಡ್ ಉತ್ಪಾದಿಸುವ ಕಮಾಂಡ್.

ಈ ಕಮಾಂಡ್ ಇಲ್ಲದೆಯೂ ಕೆಲಸ ಸಾಗುತ್ತದೆ. ಸೋಪ್ ಎಂಬ ನಿಯಮದಂತೆ ಎಕ್ಸ್‌ಎಂಎಲ್ ಲಕೋಟೆಯನ್ನು ಅಕ್ಷರ ಜೋಡಿಸಿ ಕಟ್ಟಿ, ಕಳಿಸಿ, ಬಂದ ಉತ್ತರವನ್ನು ಬಿಡಿಸಿ ಓದಬಹುದು. ಆದರೆ ಒಂದು ನೇಮ್‌ಸ್ಪೇಸ್ ತಪ್ಪಿದರೆ, ಒಂದು ಟ್ಯಾಗ್‌ನ ಹೆಸರಲ್ಲಿ ದೊಡ್ಡಕ್ಷರದ ಬದಲು ಚಿಕ್ಕಕ್ಷರ ಬಿದ್ದರೆ, ಆ ಕಡೆಯ ಸರ್ವರ್ ವಿನಂತಿಯನ್ನು ತಿರಸ್ಕರಿಸುತ್ತದೆ, ಹಲವು ಸಲ ಸರಿಯಾದ ಕಾರಣವನ್ನೂ ಹೇಳುವುದಿಲ್ಲ. ತಪ್ಪು ಗೊತ್ತಾಗುವುದು ಪ್ರೋಗ್ರಾಂ ಓಡುವಾಗ. ಕಮಾಂಡ್ ಉತ್ಪಾದಿಸಿದ ಕೋಡ್ ಬಳಸಿದರೆ ಅಂಥ ತಪ್ಪುಗಳಲ್ಲಿ ಹೆಚ್ಚಿನವು ಕಂಪೈಲ್ ಹಂತದಲ್ಲೇ ಸಿಕ್ಕಿಬೀಳುತ್ತವೆ.

ಈ ಉಪಾಯ ವೆಬ್‌ಗಿಂತ ಹಳೆಯದು. ದೂರದ ಯಂತ್ರದಲ್ಲಿರುವ ಕೆಲಸವನ್ನು ತನ್ನದೇ ಫಂಕ್ಷನ್ ಕರೆದಂತೆ ಕರೆಯುವ ವಿಧಾನವನ್ನು ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಆಂಡ್ರ್ಯೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್ 1984ರ ಪ್ರಬಂಧವೊಂದರಲ್ಲಿ ವಿವರಿಸಿದರು. ಎರಡೂ ತುದಿಯ ಕೋಡನ್ನು ತಾನೇ ಬರೆಯುವ ಲೂಪೈನ್ ಎಂಬ ಉಪಕರಣ ಅವರಲ್ಲಿ ಆಗಲೇ ಇತ್ತು. ಸನ್ ಕಂಪನಿಯ ಆರ್‌ಪಿಸಿಜೆನ್ ಅದೇ ಕೆಲಸವನ್ನು ಯೂನಿಕ್ಸ್ ಲೋಕಕ್ಕೆ ತಂದಿತು.

ಡಬ್ಲ್ಯುಎಸ್‌ಡಿಎಲ್ ಕಾಲದಲ್ಲಿ ಹಲವು ಭಾಷೆಗಳಿಗೆ ಒಂದೆರಡು ಕಮಾಂಡ್‌ಗಳು ಹುಟ್ಟಿಕೊಂಡವು. ಡಾಟ್‌ನೆಟ್‌ನಲ್ಲಿ ಮೊದಲು ಡಬ್ಲ್ಯುಎಸ್‌ಡಿಎಲ್ ಎಂಬ ಹೆಸರಿನದೇ, ನಂತರ ಎಸ್‌ವಿಸಿಯುಟಿಲ್. ಜಾವಾದಲ್ಲಿ ಅಪಾಚೆ ಆಕ್ಸಿಸ್ ಮತ್ತು ಸಿಎಕ್ಸ್‌ಎಫ್ ಯೋಜನೆಗಳ ಡಬ್ಲ್ಯುಎಸ್‌ಡಿಎಲ್-ಟು-ಜಾವಾ. ಜಾವಾದವರ ಕೈಗೆ ಸುಲಭವಾಗಿ ಸಿಕ್ಕಿದ್ದು ಮಾತ್ರ ಡಬ್ಲ್ಯುಎಸ್‌ಇಂಪೋರ್ಟ್. 2006ರಲ್ಲಿ ಬಂದ ಜಾವಾ 6ರ ಜೊತೆಯಲ್ಲೇ ಅದು ಸಿಗುತ್ತಿದ್ದುದರಿಂದ ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿರಲಿಲ್ಲ.

ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದಾದ ಉದಾಹರಣೆ ಯುರೋಪಿಯನ್ ಕಮಿಷನ್ ನಡೆಸುವ ವೈಸ್ ಸೇವೆಯದು. ನಮ್ಮಲ್ಲಿ ವ್ಯಾಪಾರಿಗಳಿಗೆ ಜಿಎಸ್‌ಟಿ ಸಂಖ್ಯೆ ಇರುವಂತೆ ಅಲ್ಲಿ ವ್ಯಾಟ್ ಸಂಖ್ಯೆ ಇದೆ. ಅದು ಊರ್ಜಿತದಲ್ಲಿದೆಯೇ ಎಂದು ಈ ಸೇವೆ ಹೇಳುತ್ತದೆ. ಇದರ ಡಬ್ಲ್ಯುಎಸ್‌ಡಿಎಲ್ ಫೈಲ್ ಸಾರ್ವಜನಿಕ ವಿಳಾಸದಲ್ಲಿದೆ. ಟರ್ಮಿನಲ್‌ನಲ್ಲಿ ಡಬ್ಲ್ಯುಎಸ್‌ಇಂಪೋರ್ಟ್ ಎಂದು ಬರೆದು, ಮುಂದೆ ಆ ವಿಳಾಸ ಕೊಟ್ಟು ಎಂಟರ್ ಒತ್ತಿದರೆ ಸಾಕು. ಫೈಲ್ ಓದುತ್ತಿದ್ದೇನೆ, ಕೋಡ್ ಉತ್ಪಾದಿಸುತ್ತಿದ್ದೇನೆ, ಕಂಪೈಲ್ ಮಾಡುತ್ತಿದ್ದೇನೆ ಎಂಬ ಅರ್ಥದ ಮೂರು ಸಾಲುಗಳು ಮೂಡುತ್ತವೆ, ಕೆಲಸ ಮುಗಿಯುತ್ತದೆ. ಹೊಸಬರು ಇಲ್ಲೇ ಎಡವುತ್ತಾರೆ: ಫೋಲ್ಡರ್ ತೆರೆದು ನೋಡಿದರೆ ಓದಬಲ್ಲ ಕೋಡ್ ಎಲ್ಲಿಯೂ ಇರುವುದಿಲ್ಲ. ಕಂಪೈಲ್ ಆದ ಕ್ಲಾಸ್ ಫೈಲ್‌ಗಳನ್ನಷ್ಟೇ ಉಳಿಸಿ ಮೂಲವನ್ನು ಅಳಿಸುವುದು ಈ ಕಮಾಂಡ್‌ನ ಅಭ್ಯಾಸ. ಮೂಲ ಬೇಕೆಂದರೆ ಕೀಪ್ ಎಂಬ ಆಯ್ಕೆ ಸೇರಿಸಬೇಕು. ಅದನ್ನು ಬೇರೆ ಫೋಲ್ಡರ್‌ನಲ್ಲಿಡಲು ಎಸ್, ಪ್ಯಾಕೇಜ್‌ನ ಹೆಸರು ಬದಲಿಸಲು ಪಿ ಆಯ್ಕೆಗಳಿವೆ.

ಹುಟ್ಟಿದ ಫೈಲ್‌ಗಳಲ್ಲಿ ಮುಖ್ಯವಾದವು ಎರಡು. ಚೆಕ್‌ವ್ಯಾಟ್‌ಸರ್ವಿಸ್ ಎಂಬುದು ಬಾಗಿಲು, ಚೆಕ್‌ವ್ಯಾಟ್‌ಪೋರ್ಟ್‌ಟೈಪ್ ಎಂಬುದರಲ್ಲಿ ಕರೆಯಬಹುದಾದ ಕೆಲಸಗಳ ಪಟ್ಟಿ. ಮೊದಲನೆಯದರಿಂದ ಎರಡನೆಯದನ್ನು ಪಡೆದು, ಚೆಕ್‌ವ್ಯಾಟ್ ಎಂಬ ಫಂಕ್ಷನ್‌ಗೆ ದೇಶದ ಸಂಕೇತವನ್ನೂ ವ್ಯಾಟ್ ಸಂಖ್ಯೆಯನ್ನೂ ಕೊಟ್ಟರೆ ಉತ್ತರ ಬರುತ್ತದೆ. ಲಕೋಟೆ ಕಟ್ಟುವುದು, ಎಚ್‌ಟಿಟಿಪಿ ಮೂಲಕ ಕಳಿಸುವುದು, ಬಿಡಿಸಿ ಓದುವುದು ಯಾವುದೂ ಪ್ರೋಗ್ರಾಮರ್ ಕಣ್ಣಿಗೆ ಬೀಳುವುದಿಲ್ಲ.

ಆದರೆ ಆ ಫಂಕ್ಷನ್‌ನ ರೂಪ ನೋಡಿದವರಿಗೆ ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ಅದು ಉತ್ತರವನ್ನು ವಾಪಸು ಕೊಡುವುದೇ ಇಲ್ಲ! ದೇಶ, ಸಂಖ್ಯೆ, ದಿನಾಂಕ, ಊರ್ಜಿತವೋ ಅಲ್ಲವೋ, ಹೆಸರು, ವಿಳಾಸ ಹೀಗೆ ಆರು ಹೋಲ್ಡರ್‌ಗಳನ್ನು ಕೇಳುತ್ತದೆ. ಹೋಲ್ಡರ್ ಎಂದರೆ ಒಂದು ಮೌಲ್ಯ ತುಂಬಿಡುವ ಪುಟ್ಟ ಡಬ್ಬಿ. ಎರಡರಲ್ಲಿ ಪ್ರಶ್ನೆ ತುಂಬಿ, ನಾಲ್ಕನ್ನು ಖಾಲಿ ಕೊಟ್ಟರೆ ಸೇವೆ ಅವುಗಳಲ್ಲಿ ಉತ್ತರ ತುಂಬಿಕೊಡುತ್ತದೆ. ಇದಕ್ಕೆ ಕಾರಣ ಕಮಾಂಡ್ ಅಲ್ಲ, ಒಪ್ಪಂದ. ದೇಶ ಮತ್ತು ಸಂಖ್ಯೆ ಪ್ರಶ್ನೆಯಲ್ಲೂ ಇವೆ, ಉತ್ತರದಲ್ಲೂ ಇವೆ. ಒಳಗೆ ಹೋಗಿ ಹೊರಗೂ ಬರುವ ಇಂಥ ಮೌಲ್ಯಗಳಿಗೆ ಜಾವಾ ಭಾಷೆಯಲ್ಲಿ ನೇರ ವ್ಯವಸ್ಥೆಯಿಲ್ಲ. ಜೊತೆಗೆ ಉತ್ತರವೂ ಒಂದಲ್ಲ, ಹಲವು. ಹಾಗಾಗಿ ಡಬ್ಬಿಗಳ ದಾರಿ. ಕೋಡ್ ವಿಚಿತ್ರವಾಗಿ ಕಂಡಾಗ ಒಪ್ಪಂದವನ್ನು ತೆರೆದು ನೋಡುವುದು ಸಾಮಾನ್ಯವಾಗಿ ಫಲ ಕೊಡುತ್ತದೆ.

ಇನ್ನೊಂದು ತೊಡಕು ವಿಳಾಸದ್ದು. ಒಪ್ಪಂದವನ್ನು ಎಲ್ಲಿಂದ ಓದಿತೋ ಆ ಜಾಗವನ್ನು ಕಮಾಂಡ್ ಉತ್ಪಾದಿತ ಕೋಡ್‌ನೊಳಗೇ ಬರೆದುಬಿಡುತ್ತದೆ. ತನ್ನ ಲ್ಯಾಪ್‌ಟಾಪ್‌ನ ಡೆಸ್ಕ್‌ಟಾಪ್‌ನಲ್ಲಿದ್ದ ಫೈಲ್‌ನಿಂದ ಒಬ್ಬರು ಕೋಡ್ ಉತ್ಪಾದಿಸಿದರೆ, ಆ ಪ್ರೋಗ್ರಾಂ ಸರ್ವರ್‌ಗೆ ಹೋದಮೇಲೂ ಅದೇ ಡೆಸ್ಕ್‌ಟಾಪನ್ನು ಹುಡುಕುತ್ತದೆ. ಸಿಗದೆ ನಿಲ್ಲುತ್ತದೆ. ಅವರ ಯಂತ್ರದಲ್ಲಿ ಮಾತ್ರ ಎಲ್ಲವೂ ಸರಿಯಾಗಿ ನಡೆಯುತ್ತಿರುತ್ತದೆ, ಅದೇ ಕಿರಿಕಿರಿ. ಡಬ್ಲ್ಯುಎಸ್‌ಡಿಎಲ್‌ಲೊಕೇಶನ್ ಎಂಬ ಆಯ್ಕೆಯಿಂದ ಬೇರೆ ಜಾಗ ಸೂಚಿಸಬಹುದು. ಒಪ್ಪಂದದ ಪ್ರತಿಯನ್ನು ಪ್ರೋಗ್ರಾಂನ ಜೊತೆಯಲ್ಲೇ ಕಟ್ಟಿ ಕಳಿಸುವುದು ರೂಢಿ.

ಹೆಸರುಗಳ ಘರ್ಷಣೆಯೂ ಉಂಟು. ಎಕ್ಸ್‌ಎಂಎಲ್‌ನಲ್ಲಿ ಬೇರೆಬೇರೆಯಾಗಿರುವ ಎರಡು ಹೆಸರುಗಳು ಜಾವಾ ರೂಢಿಗೆ ಬದಲಾದಾಗ ಒಂದೇ ಆಗಿಬಿಟ್ಟರೆ ಕಮಾಂಡ್ ದೋಷ ತೋರಿಸಿ ನಿಲ್ಲುತ್ತದೆ. ಆಗ ಬೈಂಡಿಂಗ್ ಫೈಲ್ ಎಂಬ ಪಕ್ಕದ ಫೈಲ್‌ನಲ್ಲಿ ಇದಕ್ಕೆ ಈ ಹೆಸರಿಡು ಎಂದು ಬರೆದು, ಬಿ ಆಯ್ಕೆಯಿಂದ ಅದನ್ನು ಕೊಡಬೇಕು.

ಅವಸರದಲ್ಲಿ ಮಾಡುವ ತಪ್ಪು ಬೇರೆಯೇ ಇದೆ: ಉತ್ಪಾದಿತ ಕೋಡನ್ನು ತೆರೆದು ಕೈಯಿಂದ ತಿದ್ದುವುದು. ಆ ಹೊತ್ತಿಗೆ ಕೆಲಸ ಆಗುತ್ತದೆ. ಮುಂದೊಂದು ದಿನ ಸೇವೆಯವರು ಒಪ್ಪಂದ ಬದಲಿಸುತ್ತಾರೆ, ಇನ್ಯಾರೋ ಕಮಾಂಡನ್ನು ಮತ್ತೆ ಓಡಿಸುತ್ತಾರೆ, ತಿದ್ದಿದ್ದು ಅಳಿಸಿಹೋಗುತ್ತದೆ. ಉಪಕರಣವೇ ಬದಲಾಗುವ ಕಾಲವೂ ಬರುತ್ತದೆ. 2018ರಲ್ಲಿ ಜಾವಾ 11 ಬಂದಾಗ ಡಬ್ಲ್ಯುಎಸ್‌ಇಂಪೋರ್ಟನ್ನು ಜಾವಾದಿಂದ ತೆಗೆದುಹಾಕಲಾಯಿತು. ಈಗ ಅದನ್ನು ಪ್ರತ್ಯೇಕವಾಗಿ ತಂದುಕೊಳ್ಳಬೇಕು. ಜಾವಾದ ಉದ್ಯಮ ಲೈಬ್ರರಿಗಳ ಗುಚ್ಛವಾದ ಜಕಾರ್ತಾ ಇಇಯ 2020ರ 9ನೇ ಆವೃತ್ತಿಯಲ್ಲಿ ಆ ಲೈಬ್ರರಿಗಳ ಹೆಸರಿನ ಮೊದಲ ಭಾಗ ಜಾವಾಎಕ್ಸ್ ಎಂಬುದರಿಂದ ಜಕಾರ್ತಾ ಎಂದಾಯಿತು. ಹಳೆಯ ಕಮಾಂಡ್ ಹುಟ್ಟಿಸಿದ ಕೋಡ್ ಹೊಸ ಲೈಬ್ರರಿಯ ಜೊತೆ ಕಂಪೈಲ್ ಆಗುವುದಿಲ್ಲ. ಒಪ್ಪಂದವನ್ನೂ ಕಮಾಂಡನ್ನೂ ಜೋಪಾನವಾಗಿಟ್ಟುಕೊಂಡು, ಪ್ರೋಗ್ರಾಂ ಕಟ್ಟುವ ಉಪಕರಣಗಳಾದ ಮೇವೆನ್ ಅಥವಾ ಗ್ರೇಡಲ್‌ನ ಬಿಲ್ಡ್‌ನಲ್ಲೇ ಪ್ರತಿ ಸಲ ಹೊಸದಾಗಿ ಉತ್ಪಾದಿಸುತ್ತಿದ್ದವರಿಗೆ ಇದು ಆವೃತ್ತಿ ಸಂಖ್ಯೆ ಬದಲಿಸಿ ತಮ್ಮ ಕೋಡ್‌ನ ಕೆಲವು ಸಾಲು ತಿದ್ದುವಷ್ಟರ ಕೆಲಸವಾಯಿತು. ಕೈಯಿಂದ ತಿದ್ದಿಟ್ಟುಕೊಂಡಿದ್ದವರು, ಏನು ತಿದ್ದಿದ್ದೆವು ಎಂಬುದನ್ನು ಮೊದಲು ಪತ್ತೆಹಚ್ಚಬೇಕಾಯಿತು.

ಸೋಪ್‌ನ ಮೆರಗು ಕಡಿಮೆಯಾದರೂ ಈ ಪದ್ಧತಿ ಹೋಗಿಲ್ಲ. ಇಂದಿನ ಹಗುರ ಸೇವೆಗಳಿಗೆ ಓಪನ್‌ಎಪಿಐ ಎಂಬ ಒಪ್ಪಂದವಿದೆ, ಅದನ್ನು ಓದಿ ಹತ್ತಾರು ಭಾಷೆಗಳಲ್ಲಿ ಕೋಡ್ ಬರೆಯುವ ಓಪನ್‌ಎಪಿಐ ಜನರೇಟರ್ ಇದೆ. ಗೂಗಲ್‌ನ ಜಿಆರ್‌ಪಿಸಿಯಲ್ಲಿ ಅದೇ ಕೆಲಸವನ್ನು ಪ್ರೋಟೋಸಿ ಮಾಡುತ್ತದೆ. ಬ್ಯಾಂಕ್, ವಿಮೆ, ಸರ್ಕಾರಿ ವ್ಯವಸ್ಥೆಗಳಲ್ಲಿ ಡಬ್ಲ್ಯುಎಸ್‌ಡಿಎಲ್ ಇನ್ನೂ ದುಡಿಯುತ್ತಿದೆ.

ಹೆಸರು ಯಾವುದಾದರೂ ಮಿತಿ ಒಂದೇ. ಒಪ್ಪಂದದಲ್ಲಿ ಯಂತ್ರಕ್ಕೆ ತಿಳಿಯುವಂತೆ ಬರೆಯದ್ದು ಕೋಡ್‌ಗೆ ಬರುವುದಿಲ್ಲ. ವೈಸ್‌ನಲ್ಲಿ ದೇಶದ ಸಂಕೇತ ಬರೀ ಅಕ್ಷರಗಳ ಸಾಲು. ಗ್ರೀಸ್‌ಗೆ ಸಾಮಾನ್ಯವಾಗಿ ಬಳಕೆಯಲ್ಲಿರುವ ಜಿಆರ್ ಎಂದು ಕೊಟ್ಟರೂ ಕಂಪೈಲರ್ ಸುಮ್ಮನಿರುತ್ತದೆ. ಸೇವೆ ಮಾತ್ರ ಒಪ್ಪುವುದಿಲ್ಲ, ಅದಕ್ಕೆ ಬೇಕಾದದ್ದು ಇಎಲ್. 2021ರ ಜನವರಿಯಿಂದ ಬ್ರಿಟನ್ನಿನ ಜಿಬಿ ಸಂಖ್ಯೆಗಳನ್ನು ಈ ಸೇವೆ ಪರಿಶೀಲಿಸುವುದು ನಿಂತಿತು, ಉತ್ತರ ಐರ್ಲೆಂಡಿಗೆ ಎಕ್ಸ್‌ಐ ಬಂತು. ಇಷ್ಟಾದರೂ ಅಕ್ಷರಗಳ ಸಾಲು ಅಕ್ಷರಗಳ ಸಾಲಾಗಿಯೇ ಇದ್ದುದರಿಂದ ಉತ್ಪಾದಿತ ಕೋಡ್‌ಗೆ ಇದರ ಸುಳಿವೇ ಇಲ್ಲ. ತಪ್ಪು ಇನ್‌ಪುಟ್, ಒಂದು ದೇಶದ ಸರ್ವರ್ ಲಭ್ಯವಿಲ್ಲ, ಸೇವೆಗೆ ಬಿಡುವಿಲ್ಲ ಮುಂತಾದ ದೋಷಗಳ ಸಂಕೇತಗಳನ್ನೂ ಒಪ್ಪಂದದ ಫೈಲ್‌ನಲ್ಲಿ ಮನುಷ್ಯರಿಗೆಂದು ಬರೆದ ಟಿಪ್ಪಣಿಯಲ್ಲೇ ಕೊಟ್ಟಿದ್ದಾರೆ. ಕಮಾಂಡ್ ಅದರಿಂದ ಕ್ಲಾಸ್ ಕಟ್ಟುವುದಿಲ್ಲ. ಯಾವ ದೋಷಕ್ಕೆ ಸ್ವಲ್ಪ ತಡೆದು ಮತ್ತೆ ಕೇಳಬೇಕು, ಯಾವುದಕ್ಕೆ ಸಂಖ್ಯೆಯೇ ತಪ್ಪೆಂದು ವ್ಯಾಪಾರಿಗೆ ತಿಳಿಸಬೇಕು ಎಂಬುದನ್ನು ಪ್ರೋಗ್ರಾಮರ್ ಆ ಟಿಪ್ಪಣಿ ಓದಿಕೊಂಡು ಬೇರೊಂದು ಫೈಲ್‌ನಲ್ಲಿ ತಾನೇ ಬರೆಯಬೇಕು.