ಹೊಂಬಣ್ಣದ ಕೂದಲಿಗೆ ಮನೆಯ ಆರೈಕೆ

(ಸಂಘದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೂದಲಿನ ಬಗೆಗೂ ಒಂದು ಉಪನ್ಯಾಸವೇ ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಎಲೆನ್‌ಬ್ರೂಕ್‌ನಂತಹ ಬಡಾವಣೆಗಳಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಇದು ಸಣ್ಣ ವಿಷಯವಾಗಿ ಉಳಿದಿಲ್ಲ. ವಿಶ್ವವಿದ್ಯಾಲಯಕ್ಕೆ ಸೇರಿದ ಮಗಳು ಒಂದು ಸಂಜೆ ತಲೆಗೆ ಹೊಂಬಣ್ಣ ಹಾಕಿಸಿಕೊಂಡು ಬರುತ್ತಾಳೆ. ಊರಿನಿಂದ ಬಂದಿರುವ ಅಜ್ಜಿ ‘ಅಷ್ಟು ಚೆಂದದ ಕೂದಲು ಹಾಳಾಯಿತು’ ಎಂದು ನೊಂದುಕೊಳ್ಳುತ್ತಾರೆ. ಮೊಮ್ಮಗಳು ಅಂದಿನಿಂದ ಎಣ್ಣೆಯ ಬಟ್ಟಲನ್ನು ಹತ್ತಿರಕ್ಕೂ ಸೇರಿಸುವುದಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ಕೂದಲು ತೆಂಗಿನ ನಾರಿನಂತಾಗಿ, ಬಾಚಿದಷ್ಟೂ ತುಂಡಾಗತೊಡಗುತ್ತದೆ. ಬಣ್ಣ ಹಾಕಿಸಿಕೊಂಡದ್ದು ಸರಿಯೋ ತಪ್ಪೋ ಎಂಬ ತೀರ್ಪು ನಮ್ಮ ಉದ್ದೇಶವಲ್ಲ. ಹಾಕಿಸಿಕೊಂಡ ಮೇಲೆ ಆ ಕೂದಲನ್ನು ಉಳಿಸಿಕೊಳ್ಳುವ ಬಗೆ ಯಾವುದು, ನಮ್ಮ ಮನೆಯ ಯಾವ ಪದ್ಧತಿ ಅದಕ್ಕೆ ಒದಗುತ್ತದೆ, ಯಾವುದು ಒದಗುವುದಿಲ್ಲ ಎಂಬುದನ್ನಷ್ಟೇ ಇಲ್ಲಿ ವಿಚಾರ ಮಾಡೋಣ.

ಕೂದಲಿನ ಹೊರಮೈ, ಹೆಂಚು ಹೊದಿಸಿದ ಮಾಡಿನಂತೆ, ಒಂದರ ಮೇಲೊಂದು ಜೋಡಿಸಿದ ತೆಳುವಾದ ಪದರಗಳಿಂದ ಕೂಡಿದೆ. ಅದರ ಒಳಗೆ ಕೆರಟಿನ್ ಎಂಬ ಪ್ರೋಟೀನಿನ ಎಳೆಗಳೂ ಅವುಗಳ ನಡುವೆ ಮೆಲನಿನ್ ಎಂಬ ವರ್ಣದ್ರವ್ಯದ ಕಣಗಳೂ ಇವೆ. ಕಪ್ಪಿನ ಮೇಲೆ ಹೊಂಬಣ್ಣವನ್ನು ನೇರವಾಗಿ ಬಳಿಯಲು ಬಾರದು. ಮೊದಲು ಕಪ್ಪನ್ನು ಅಳಿಸಬೇಕು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಥೆನಾರ್ 1818ರಲ್ಲಿ ಕಂಡುಹಿಡಿದ ಹೈಡ್ರೋಜನ್ ಪೆರಾಕ್ಸೈಡ್ ಇಂದಿಗೂ ಈ ಕೆಲಸಕ್ಕೆ ಬಳಕೆಯಲ್ಲಿದೆ. ಕ್ಷಾರದೊಡನೆ ಬೆರೆತಾಗ ಅದು ಪದರಗಳನ್ನು ಎಬ್ಬಿಸಿ ಒಳಹೊಕ್ಕು ಮೆಲನಿನ್ನಿನ ಬಣ್ಣವನ್ನು ಕೆಡಿಸುತ್ತದೆ. ನಮ್ಮ ಕಡುಗಪ್ಪು ಕೂದಲು ಕೆಂಗಂದು, ತಾಮ್ರ, ಕಿತ್ತಳೆ, ಹಳದಿ ಎಂಬ ಹಂತಗಳನ್ನೆಲ್ಲ ದಾಟಿ ಹೊಂಬಣ್ಣಕ್ಕೆ ಬರಬೇಕಾದುದರಿಂದ, ಹುಟ್ಟಿನಿಂದಲೇ ತಿಳಿಬಣ್ಣವಿರುವ ಕೂದಲಿಗಿಂತ ಹೆಚ್ಚು ಪೆಟ್ಟು ತಿನ್ನುತ್ತದೆ. ಬಣ್ಣದೊಂದಿಗೆ ಹೊರಮೈಯ ಸಹಜವಾದ ಜಿಡ್ಡಿನ ಲೇಪವೂ, ಕೆರಟಿನ್ ಎಳೆಗಳನ್ನು ಬಿಗಿದಿರುವ ಗಂಧಕದ ಬಂಧಗಳಲ್ಲಿ ಕೆಲವೂ ಕಳೆದುಹೋಗುತ್ತವೆ. ಅಂತಹ ಕೂದಲು ನೀರನ್ನು ಬೇಗನೆ ಹೀರಿ ಉಬ್ಬುತ್ತದೆ. ಒದ್ದೆಯಾಗಿರುವಾಗ ಸುಲಭವಾಗಿ ಮುರಿಯುತ್ತದೆ.

ಆದ್ದರಿಂದ ಆರೈಕೆಯ ತಿರುಳು ಎರಡೇ ಮಾತು: ಕಳೆದುಹೋದ ಜಿಡ್ಡನ್ನು ಮರಳಿ ಒದಗಿಸುವುದು; ನೀರು, ತಿಕ್ಕಾಟ ಮತ್ತು ಬಿಸಿಲನ್ನು ಕಡಿಮೆ ಮಾಡುವುದು.

ಮೊದಲನೆಯದಕ್ಕೆ ಅಜ್ಜಿಯ ಕೊಬ್ಬರಿ ಎಣ್ಣೆಯೇ ಸಾಕು. ಮುಂಬಯಿಯಲ್ಲಿ ತೆಂಗಿನೆಣ್ಣೆಯ ಕಂಪನಿಯೊಂದರ ಪ್ರಯೋಗಾಲಯದ ಸಂಶೋಧಕರಾದ ರೇಲೆ ಮತ್ತು ಮೋಹಿಲೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖನಿಜತೈಲ, ಸೂರ್ಯಕಾಂತಿ ಎಣ್ಣೆ ಮತ್ತು ತೆಂಗಿನೆಣ್ಣೆಗಳನ್ನು ಹೋಲಿಸಿ ನೋಡಿದರು. ಕೂದಲಿನಿಂದ ಪ್ರೋಟೀನು ಸೋರಿಹೋಗುವುದನ್ನು ಗಮನಾರ್ಹವಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ಅದೂ ಆರೋಗ್ಯವಾದ ಕೂದಲಿನಲ್ಲಷ್ಟೇ ಅಲ್ಲದೆ, ಬಣ್ಣ ಕಳೆದು ಹಾನಿಗೊಂಡ ಕೂದಲಿನಲ್ಲಿಯೂ. ತೆಂಗಿನೆಣ್ಣೆಯಲ್ಲಿ ಹೇರಳವಾಗಿರುವ ಲಾರಿಕ್ ಆಮ್ಲದ ಅಣು ಚಿಕ್ಕದಾಗಿಯೂ ನೇರವಾಗಿಯೂ ಇರುವುದರಿಂದ ಎಣ್ಣೆಯು ಕೂದಲಿನ ಒಳಕ್ಕೆ ಇಳಿಯಬಲ್ಲದು ಎಂಬುದು ಅವರು ನೀಡಿದ ವಿವರಣೆ.

ತಲೆಗೆ ಎರೆದುಕೊಳ್ಳುವ ಹಿಂದಿನ ರಾತ್ರಿ, ಅಥವಾ ಕನಿಷ್ಠ ಎರಡು ಗಂಟೆ ಮೊದಲು, ಒಂದೆರಡು ಚಮಚ ಎಣ್ಣೆಯನ್ನು ಕೂದಲಿನ ನಡುಭಾಗದಿಂದ ತುದಿಯವರೆಗೆ ಸವರಬೇಕು. ನೆತ್ತಿಗೆ ತಟ್ಟಿ ತುಂಬಿಸುವ ಅಗತ್ಯವಿಲ್ಲ. ಪರ್ತ್, ಅಡಿಲೇಡ್‌ಗಳ ಚಳಿಗಾಲದಲ್ಲಿ ಎಣ್ಣೆ ಹೆಪ್ಪುಗಟ್ಟಿದರೆ ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿದರಾಯಿತು. ಹರಳೆಣ್ಣೆ ಬೇಡ, ಅದರ ಅಂಟು ಬಿಡಿಸಲು ತಿಕ್ಕಬೇಕಾಗುತ್ತದೆ.

ವಾರಕ್ಕೆ ಎರಡು ಸಲ ತೊಳೆದರೆ ಸಾಕು. ನೀರು ಉಗುರುಬೆಚ್ಚಗಿರಲಿ. ಸೌಮ್ಯವಾದ ಶಾಂಪೂವನ್ನು ನೆತ್ತಿಗೆ ಮಾತ್ರ ಹಚ್ಚಿ, ಇಳಿಯುವ ನೊರೆಯಿಂದಲೇ ತುದಿಗಳನ್ನು ತೊಳೆಯಬೇಕು. ಆಮೇಲೆ ಕಂಡೀಷನರನ್ನು ತುದಿಗಳಿಗೆ ಹಚ್ಚಿ ಎರಡು ಮೂರು ನಿಮಿಷ ಬಿಡಬೇಕು. ಒರಟು ಟವೆಲಿನಿಂದ ಉಜ್ಜದೆ, ಹಳೆಯ ಮೆತ್ತನೆಯ ಪಂಚೆಯಿಂದ ಒತ್ತಿ ನೀರು ತೆಗೆಯುವುದು ಲೇಸು. ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಆರಂಭಿಸಿ ಮೇಲಕ್ಕೆ ಸಿಕ್ಕು ಬಿಡಿಸಬೇಕು.

ಕೆಲವು ವಾರಗಳಲ್ಲಿ ಹೊಂಬಣ್ಣ ಹಳದಿಗೆ ತಿರುಗುವುದು ಸಹಜ. ಅದಕ್ಕೆ ಅಂಗಡಿಯಲ್ಲಿ ದೊರೆಯುವ ನೇರಳೆ ಬಣ್ಣದ ಶಾಂಪೂವನ್ನು ಕಂಡು ಹಿರಿಯರು ಅಚ್ಚರಿಪಡಬೇಕಿಲ್ಲ. ಹಳದಿಯಾದ ಬಿಳಿ ಪಂಚೆಯನ್ನು ನಾವು ನೀಲಿಯ ನೀರಿನಲ್ಲಿ ಅದ್ದುವುದಿಲ್ಲವೇ? ತತ್ತ್ವ ಒಂದೇ: ಎದುರು ಬಣ್ಣ ಸೇರಿದಾಗ ಹಳದಿ ಕಣ್ಣಿಗೆ ಕಾಣದಾಗುತ್ತದೆ. ನೀಲಿ ಹೆಚ್ಚಾದರೆ ಪಂಚೆ ಕೆಡುವಂತೆ ಇಲ್ಲಿಯೂ ಅತಿ ಸಲ್ಲದು. ವಾರಕ್ಕೊಮ್ಮೆ ಎರಡು ಮೂರು ನಿಮಿಷ ಸಾಕು.

ಇನ್ನು ನಮ್ಮ ಪದ್ಧತಿಗಳಲ್ಲಿ ಒದಗದಿರುವ ಕೆಲವನ್ನೂ ಹೇಳಬೇಕು. ಮದರಂಗಿಯ ಕೆಂಪು ದ್ರವ್ಯ ಕೆರಟಿನ್ನಿಗೆ ಬಲವಾಗಿ ಅಂಟುವುದರಿಂದ ಹೊಂಬಣ್ಣ ಕಿತ್ತಳೆಯಾಗುತ್ತದೆ, ಮತ್ತೆ ಸುಲಭವಾಗಿ ಬಿಡುವುದಿಲ್ಲ. ಲೋಹದ ಲವಣಗಳನ್ನು ಬೆರೆಸಿದ ಮದರಂಗಿ ಪುಡಿಯನ್ನು ಹಿಂದೆ ಹಚ್ಚಿಕೊಂಡಿದ್ದವರು ಬಣ್ಣ ಕಳೆಯಿಸುವ ಮೊದಲು ಕ್ಷೌರಾಲಯದವರಿಗೆ ತಪ್ಪದೆ ತಿಳಿಸಬೇಕು. ಪೆರಾಕ್ಸೈಡಿನೊಡನೆ ಅದು ಕಾವೇರಿ ಕೂದಲನ್ನೇ ಸುಡಬಹುದು. ಸೀಗೆಪುಡಿಯ ಕಣಗಳು ಒರಟಾದ ಪದರಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅರಿಶಿನವಂತೂ ಕಲೆ ಮಾಡುತ್ತದೆ.

ಆಸ್ಟ್ರೇಲಿಯದ ಬೇಸಿಗೆಯ ಅತಿನೇರಳೆ ಕಿರಣಗಳ ತೀವ್ರತೆ ನಮಗೆಲ್ಲ ಅನುಭವವೇದ್ಯ. ಚರ್ಮವನ್ನು ಕಾಡುವ ಆ ಕಿರಣಗಳೇ, ಮೆಲನಿನ್ನಿನ ಕಾವಲು ಕಳೆದುಕೊಂಡ ಕೂದಲನ್ನೂ ಶಿಥಿಲಗೊಳಿಸುತ್ತವೆ. ಅಗಲ ಅಂಚಿನ ಟೋಪಿ ಎರಡಕ್ಕೂ ರಕ್ಷೆ. ಈಜುಕೊಳದಲ್ಲಿ ಹೊಂಬಣ್ಣ ಹಸಿರಾಗುವುದು ಕ್ಲೋರಿನ್ನಿನಿಂದ ಎಂಬ ನಂಬಿಕೆಯಿದೆ. ನಿಜವಾದ ಕಾರಣ ನೀರಿನಲ್ಲಿರುವ ತಾಮ್ರದ ಅಂಶ. ಕೊಳಕ್ಕಿಳಿಯುವ ಮೊದಲು ಶುದ್ಧ ನೀರಿನಿಂದ ಕೂದಲನ್ನು ನೆನೆಸಿ, ಕಂಡೀಷನರ್ ಸವರಿ, ಈಜುಟೋಪಿ ಧರಿಸುವುದು, ಹೊರಬಂದೊಡನೆ ತೊಳೆದುಕೊಳ್ಳುವುದು. ಪರ್ತ್‌ನ ತೋಟಗಳಿಗೆ ಹಾಯಿಸುವ ಬೋರ್ ನೀರು ಗೋಡೆ ಬೇಲಿಗಳ ಮೇಲೆ ಬಿಡುವ ಕೆಂಗಂದು ಕಲೆಯನ್ನು ನಾವೆಲ್ಲ ನೋಡಿದ್ದೇವೆ. ಅದು ಕಬ್ಬಿಣದ ಕಲೆ. ಆ ನೀರು ತಲೆಗೆ ತಾಗದಂತೆ ನೋಡಿಕೊಳ್ಳಬೇಕು.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಬುಡದಲ್ಲಿ ಕಪ್ಪು ಕಾಣುವುದು ಅನಿವಾರ್ಯ. ಮತ್ತೆ ಬಣ್ಣ ಕಳೆಯುವಾಗ ಹೊಸ ಬುಡಕ್ಕೆ ಮಾತ್ರ ಹಚ್ಚಬೇಕು. ಒಮ್ಮೆ ಬಣ್ಣ ಕಳೆದ ಭಾಗಕ್ಕೆ ಮತ್ತೆ ಹಚ್ಚಿದರೆ ಅಲ್ಲಿಯೇ ತುಂಡಾಗುತ್ತದೆ. ಯಾವುದೇ ಬಣ್ಣ ಹಾಕಿಸಿಕೊಳ್ಳುವ 48 ಗಂಟೆ ಮೊದಲು ಚರ್ಮದ ಮೇಲೆ ಚೂರು ಹಚ್ಚಿ ಪರೀಕ್ಷಿಸುವುದು ಕ್ಷೇಮ. ಈ ಎಚ್ಚರಿಕೆ ಯುವಜನರಿಗೆ ಮಾತ್ರವಲ್ಲ. ನರೆಗೂದಲಿಗೆ ಕಪ್ಪು ಹಚ್ಚುವ ನಮ್ಮಂತಹವರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಆ ಬಣ್ಣಗಳಲ್ಲಿ ಸಾಮಾನ್ಯವಾಗಿ ಇರುವ ಪ್ಯಾರಾಫಿನಿಲೀನ್‌ಡೈಅಮೀನ್ ಕೆಲವರಿಗೆ ತೀವ್ರವಾದ ಅಲರ್ಜಿ ತರುತ್ತದೆ. ನಾವೂ ಬಣ್ಣ ಹಚ್ಚುವವರೇ ಎಂಬುದನ್ನು ಮಕ್ಕಳನ್ನು ಗದರುವ ಮೊದಲು ನೆನೆಯುವುದು ಒಳ್ಳೆಯದು.

ಕೂದಲ ಬಣ್ಣ ಬದಲಾದ ಮಾತ್ರಕ್ಕೆ ಎಣ್ಣೆಯ ಬಟ್ಟಲಿಗೆ ಕೆಲಸ ತಪ್ಪಲಿಲ್ಲ. ಮೊದಲಿಗಿಂತ ಅಗತ್ಯ ಹೆಚ್ಚಿದೆ. ಅಜ್ಜಿಯರು ಇದನ್ನು ತಿಳಿದರೆ ನೋವು ಕಡಿಮೆಯಾದೀತು. ಮೊಮ್ಮಕ್ಕಳು ತಿಳಿದರೆ ಕೂದಲು ಉಳಿದೀತು. ಬರುವ ನರಕ ಚತುರ್ದಶಿಯ ಅಭ್ಯಂಜನಕ್ಕೆ ನಮ್ಮ ಮನೆಗಳ ಹೊಂಬಣ್ಣದ ತಲೆಗಳೂ ಮಣೆಯ ಮೇಲೆ ಕೂರಲಿ. ಅರಿಶಿನವನ್ನು ಮಾತ್ರ ಪಕ್ಕಕ್ಕಿರಿಸೋಣ.